ಮಡಕೆಯ ವರುಷ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಕಟ್ಟುವುದು ಕಷ್ಟ, ಕೆಡಹುವುದು ಸುಲಭವೆಂಬುದನ್ನು ಬೋಧಿಸುವುದಕ್ಕಾಗಿ ಶಾಲೆಯ ಉಪಾಧ್ಯಾಯರು ಅದನ್ನು ಹೇಳುತ್ತಾರೆ. ಪಾಲಾಗಿ ಹೋದ ಮನೆತನವನ್ನು ನೆನೆದು ಊರಿನ ಹಿರಿಯರು ಅದನ್ನು ಹೇಳಿ ನಿಟ್ಟುಸಿರಿಡುತ್ತಾರೆ. ಆದರೆ ಆ ಗಾದೆಯ ಪೂರ್ವಾರ್ಧದಲ್ಲಿರುವ ‘ವರುಷ’ ಎಂಬ ಮಾತನ್ನು ನಾವೆಲ್ಲರೂ ಅತಿಶಯೋಕ್ತಿಯೆಂದೇ ಭಾವಿಸಿ ದಾಟಿಹೋಗುವುದು ವಾಡಿಕೆ. ತಿರುಗುವ ತಿಗರಿಯ ಮೇಲೆ ಮಣ್ಣಿನ ಮುದ್ದೆಯೊಂದು ಹೊಟ್ಟೆ ತಳೆದು, ಕಂಠ ತಳೆದು, ಬಾಯಿ ತೆರೆದು ನಿಲ್ಲುವುದಕ್ಕೆ ಕೆಲವೇ ನಿಮಿಷಗಳು ಸಾಕೆಂಬುದನ್ನು ಕಣ್ಣಾರೆ ಕಂಡವರಿಗಂತೂ ವರುಷದ ಮಾತು ಉತ್ಪ್ರೇಕ್ಷೆಯಾಗಿಯೇ ತೋರೀತು. ಸವಣೂರಿನ ಸೀಮೆಯಲ್ಲಿ ಬಾಲ್ಯವನ್ನು ಕಳೆದ ನನಗಾದರೋ ಆ ಮಾತು ಅಕ್ಷರಶಃ ಸತ್ಯವೆಂದೇ ತೋರುತ್ತದೆ. ಒಂದು ಮಡಕೆಯಾಗುವುದಕ್ಕೆ ಒಂದು ವರುಷವೇ ಬೇಕು. ಆ ವರುಷದಲ್ಲಿ ಕುಂಬಾರನೊಬ್ಬನದಲ್ಲದ ಅನೇಕ ಕೈಗಳು ಬೇಕು.

ಸವಣೂರೆಂದರೆ ನವಾಬರಿಂದಲೂ ವೀಳ್ಯದೆಲೆಯಿಂದಲೂ ಖ್ಯಾತವಾದ ಹಾವೇರಿ ಜಿಲ್ಲೆಯ ಸವಣೂರಲ್ಲ. ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಸಾಗುವ ಮಾರ್ಗದಲ್ಲಿ ಸಿಗುವ, ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿಗೆ ಸಂದಿರುವ, ದಕ್ಷಿಣ ಕನ್ನಡದ ಸವಣೂರು. ಘಟ್ಟದಿಂದಿಳಿದ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುವ ಮೊದಲು ಹರಿದುಬರುವ ಈ ಪ್ರದೇಶವೆಲ್ಲವೂ ಮುರಕಲ್ಲಿನ ಗುಡ್ಡಗಳ ನಾಡು. ವರ್ಷವೊಂದಕ್ಕೆ 3500 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯು ಆ ಗುಡ್ಡಗಳ ಮೈಯನ್ನು ಯುಗಯುಗಾಂತರಗಳಿಂದ ತೊಳೆದು, ಅತಿಸೂಕ್ಷ್ಮವಾದ ಜೇಡಿಯ ಕಣಗಳನ್ನು ತಗ್ಗಿನ ಬಯಲುಗಳಿಗೆ ಸಾಗಿಸಿ ಕೆಳಗಿರಿಸಿದೆ. ಇಲ್ಲಿನ ರೈತರು ನೆಲವನ್ನು ಬೆಟ್ಟು, ಮಜಲು, ಬಯಲು ಎಂದು ಮೂರು ಬಗೆಯಾಗಿ ವಿಂಗಡಿಸುವುದುಂಟು. ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ ನೆಲ ಬೆಟ್ಟು. ಎರಡು ಬೆಳೆಗೆ ಒದಗುವುದು ಮಜಲು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಕೊಡಬಲ್ಲ, ನೀರಾಸರೆಯುಳ್ಳ ತಗ್ಗು ನೆಲ ಬಯಲು. ಗುಡ್ಡದ ಕೆಂಪು ಮಣ್ಣು ಕೈಗೆ ಅಂಟುವುದೇ ಹೊರತು ತಿಗರಿಗೆ ಬಗ್ಗುವುದಿಲ್ಲ. ಎಳೆದಂತೆ ಏಳುವ, ಒತ್ತಿದಂತೆ ಮಣಿಯುವ ಮಣ್ಣು ಬೇಕಾದರೆ ಬಯಲಿಗೇ ಇಳಿಯಬೇಕು. ಆ ಬಯಲು ಕುಂಬಾರನದಲ್ಲ.

ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿರಿಸಿಕೊಳ್ಳಬೇಕು. ಬಡಗಿಯು ಮರವನ್ನು ಕ್ರಯಕ್ಕೆ ಕೊಳ್ಳುತ್ತಾನೆ, ಅಕ್ಕಸಾಲಿಗೆ ಚಿನ್ನವನ್ನು ಗಿರಾಕಿಯೇ ತಂದುಕೊಡುತ್ತಾನೆ. ಕುಂಬಾರನಾದರೋ ತನ್ನ ವೃತ್ತಿಯ ಮೂಲದ್ರವ್ಯಕ್ಕಾಗಿ ಇನ್ನೊಬ್ಬರ ಗದ್ದೆಯ ಅಂಚಿನಲ್ಲಿ ನಿಂತು ಕೇಳಬೇಕಾಗುತ್ತಿತ್ತು. ಬೆಳೆ ಕೊಯ್ದು ಗದ್ದೆಯು ಬರಿದಾಗಿ, ನೀರು ಬಸಿದು, ಮೇಲ್ಮಣ್ಣು ಬಿರಿಯತೊಡಗುವ ದಿನಗಳಲ್ಲಿ ಅವನು ಹಾರೆ, ಬುಟ್ಟಿಗಳೊಡನೆ ಅಲ್ಲಿಗೆ ಬರುತ್ತಿದ್ದನು. ಫಲವತ್ತಾದ ಮೇಲ್ಪದರವನ್ನು ಜೋಪಾನವಾಗಿ ಒತ್ತಟ್ಟಿಗೆ ಸರಿಸಿಟ್ಟು, ಕೆಳಗಿನ ಜೇಡಿಯನ್ನು ಮಾತ್ರ ಅಗೆದುಕೊಂಡು, ಹೊಂಡವನ್ನು ಮುಚ್ಚಿ, ಮೇಲ್ಮಣ್ಣನ್ನು ಮರಳಿ ಹರಡಿ ಹೋಗುವುದು ಅವನ ಮರ್ಯಾದೆ. ಅಗೆಯಬೇಡವೆನ್ನದಿರುವುದು ಗದ್ದೆಯ ಯಜಮಾನನ ಮರ್ಯಾದೆ. ಇದಕ್ಕೆ ಕಾಗದವಿಲ್ಲ, ರುಜುವಿಲ್ಲ. ಪ್ರತಿಯಾಗಿ ಆ ಮನೆಗೆ ವರ್ಷದ ಮಡಕೆಗಳು ಸಲ್ಲುತ್ತಿದ್ದುವು. ಹೀಗೆ ಮಣ್ಣು ಕೊಟ್ಟವನಿಗೂ ಮಡಕೆ ಕೊಟ್ಟವನಿಗೂ ನಡುವೆ ಹುಟ್ಟಿದ ಸಂಬಂಧವನ್ನು ವ್ಯಾಪಾರವೆಂದು ಕರೆದರೆ ಸಾಲದು. ಸ್ನೇಹವೆಂದೇ ಕರೆಯಬೇಕೆಂಬುದು ನನ್ನ ಮತ. ಮಳೆಗಾಲದಲ್ಲಿ ಅದರ ಬೆಲೆ ಗೊತ್ತಾಗುತ್ತಿತ್ತು. ಜೂನ್ ತಿಂಗಳಲ್ಲಿ ಮುಗಿಲು ಕವಿಯಿತೆಂದರೆ ತಿಗರಿಯು ಮೂಲೆಗೆ ಸರಿಯಿತು. ಬಿಸಿಲಿಲ್ಲದೆ ಹಸಿ ಮಡಕೆ ಒಣಗದು, ಒಣಗದ್ದನ್ನು ಸುಡಲಾಗದು. ಆಗ ಕುಂಬಾರನ ಮನೆಯವರೆಲ್ಲರೂ ನೇಜಿ ನೆಡುವ ಕೆಲಸಕ್ಕೆ ಅದೇ ಗದ್ದೆಗಳಿಗೆ ಇಳಿಯುತ್ತಿದ್ದರು. ಮಳೆಗಾಲದ ಆಟಿ ತಿಂಗಳ ಅಭಾವದಲ್ಲಿ ಮುಂಗಡವಾಗಿ ಪಡೆದ ಅಕ್ಕಿಯ ಋಣವು ಸುಗ್ಗಿಯ ಹೊತ್ತಿಗೆ ಮಡಕೆಗಳ ರೂಪದಲ್ಲಿ ತೀರುತ್ತಿತ್ತು.

ತುಳುನಾಡಿನಲ್ಲಿ ಈ ವೃತ್ತಿಯವರನ್ನು ಕುಲಾಲರೆಂದೂ ಮೂಲ್ಯರೆಂದೂ ಕರೆಯುತ್ತಾರೆ. ಮಂಗಳೂರಿನ ಕುಲಶೇಖರದಲ್ಲಿರುವ ವೀರನಾರಾಯಣ ದೇವಸ್ಥಾನವು ಈ ಸಮಾಜದವರ ಆರಾಧನಾಸ್ಥಾನ. ತುಳು ಮಾತನಾಡುವ ಇತರ ಅನೇಕ ಸಮುದಾಯಗಳಂತೆ ಇವರಲ್ಲಿಯೂ ‘ಬಳಿ’ ಎಂಬ ಕುಲವಿಭಾಗವು ತಾಯಿಯಿಂದ ಮಕ್ಕಳಿಗೆ ಸಂಕ್ರಮಿಸುವುದು. ಆದುದರಿಂದ ತಂದೆಯ ಪಕ್ಕದಲ್ಲಿ ಕುಳಿತು ತಿಗರಿ ತಿರುಗಿಸುವುದನ್ನು ಕಲಿತ ಹುಡುಗನು ಬಳಿಯಲ್ಲಿ ಮಾತ್ರ ಸೋದರಮಾವನ ಮನೆಯವನು. ಆಸ್ತಿಯ ವಿಷಯದಲ್ಲಿ 1949ರ ಅಳಿಯಸಂತಾನ ಕಾಯಿದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಹಳೆಯ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿದುವು. ಆದರೂ ವಿದ್ಯೆ ತಂದೆಯಿಂದ, ಕುಲ ತಾಯಿಯಿಂದ ಎಂಬ ಈ ಎರಡೆಳೆಯ ಹುರಿಯಿಂದಾಗಿ ಕುಂಬಾರನ ಕೆಲಸಕ್ಕೆ ಎರಡು ಮನೆಗಳ ಬೆಂಬಲ ಒದಗುತ್ತಿತ್ತು.

ಒಂದೇ ಮನೆಯೊಳಗಾದರೂ ಆ ಕೆಲಸ ಒಬ್ಬನದಾಗಿರಲಿಲ್ಲ. ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಕಲ್ಲುಕಡ್ಡಿಗಳನ್ನು ಆರಿಸಿ, ನೆನೆಹಾಕಿ, ಬೇಕಷ್ಟು ಮರಳು ಬೆರಸಿ ಕಾಲಿನಿಂದ ತುಳಿಯುವುದರಲ್ಲಿ ಹೆಂಗಸರೂ ಮಕ್ಕಳೂ ಸಮಭಾಗಿಗಳು. ಮರಳು ಕಡಮೆಯಾದರೆ ಮಡಕೆ ಒಣಗುವಾಗ ಸೀಳುವುದು. ಹೆಚ್ಚಾದರೆ ತಿಗರಿಯ ಮೇಲೆಯೇ ಕುಸಿಯುವುದು. ಆ ಹದವನ್ನು ಯಾವ ತಕ್ಕಡಿಯೂ ತೂಗಿ ಹೇಳಲಾರದು, ತುಳಿಯುವ ಪಾದವೇ ಹೇಳಬೇಕು. ತಿಗರಿಯ ಮುಂದೆ ಕುಳಿತವನು ಕೋಲಿನಿಂದ ಚಕ್ರಕ್ಕೆ ವೇಗ ಕೊಟ್ಟು, ಆ ವೇಗ ಇಳಿಯುವುದರೊಳಗಾಗಿ ಮಡಕೆಯ ಕಂಠವನ್ನೂ ಹೆಗಲನ್ನೂ ಎತ್ತಿ, ದಾರದಿಂದ ಕೊಯ್ದು ಕೆಳಗಿಳಿಸುವನು. ಅನೇಕರು ಮಡಕೆ ಇಲ್ಲಿಗೆ ಮುಗಿಯಿತೆಂದು ತಿಳಿಯುತ್ತಾರೆ. ಮುಗಿದಿರುವುದಿಲ್ಲ. ತಿಗರಿಯಿಂದಿಳಿದ ಮಡಕೆಗೆ ದುಂಡನೆಯ ತಳವಿರುವುದಿಲ್ಲ. ಅದು ಅರೆಯೊಣಗಿದ ಮೇಲೆ ಒಳಗಡೆ ಒಂದು ಕಲ್ಲನ್ನು ಆನಿಸಿ, ಹೊರಗಿನಿಂದ ಮರದ ಹಲಗೆಯಿಂದ ಮೆಲ್ಲಮೆಲ್ಲನೆ ಬಡಿಯುತ್ತ, ದಪ್ಪವಾಗಿದ್ದ ಮಣ್ಣನ್ನು ತೆಳುವಾಗಿಸಿ, ತೆರೆದಿದ್ದ ತಳವನ್ನು ಮುಚ್ಚಿ ತರಬೇಕು. ಕುಂಬಾರರ ಮನೆಯ ಜಗಲಿಯಿಂದ ಅಪರಾಹ್ನವೆಲ್ಲ ಕೇಳಿಬರುತ್ತಿದ್ದ ಆ ‘ಟಪ್ ಟಪ್’ ಸದ್ದಿನಲ್ಲಿ ಬಹುತೇಕ ಮನೆಯ ಹೆಂಗಸರ ಕೈಯಿರುತ್ತಿತ್ತು. ಮೇಲ್ಮೈಯನ್ನು ನುಣ್ಣನೆಯ ಹೊಳೆಗಲ್ಲಿನಿಂದ ಉಜ್ಜಿ ಮೆರುಗು ಕೊಡುವುದೂ ಅವರದೇ.

ಹರಿಹರ ಕವಿಯು ಕುಂಬಾರ ಗುಂಡಯ್ಯನನ್ನು ಕುರಿತು ಒಂದು ರಗಳೆಯನ್ನೇ ರಚಿಸಿದ್ದಾನೆ. ಭಲ್ಲುಕೆಯ ಆ ಶರಣನು ಮಡಕೆಯನ್ನು ಬಡಿಯುವಾಗ ಏಳುತ್ತಿದ್ದ ನಾದಕ್ಕೆ ಶಿವನೇ ಬಂದು ಕುಣಿದನೆಂಬುದು ಕಥೆ. ದೇವಾಲಯದ ಮದ್ದಳೆಗಲ್ಲ, ಪಂಡಿತರ ಸ್ತೋತ್ರಕ್ಕಲ್ಲ, ಕೆಲಸದ ಸದ್ದಿಗೆ ದೇವರು ಕುಣಿದನೆಂದು ನಂಬಿದ ನಾಡು ನಮ್ಮದು. ಅಜ್ಜಿಯ ಮನೆಯ ಬಯಲಿನಾಚೆಯಿಂದ ಆ ಸದ್ದನ್ನು ಕೇಳುತ್ತ ಬೆಳೆದ ನನಗೆ ಆ ಕಥೆಯಲ್ಲಿ ಅಸಂಭವವಾದುದೇನೂ ಕಾಣುವುದಿಲ್ಲ.

ಮಡಕೆ ಸುಡುವ ಆವೆಗೆ ಬೆಂಕಿಯಿಡುವ ದಿನವು ಕುಂಬಾರನ ವರುಷದಲ್ಲಿ ಪರೀಕ್ಷೆಯ ದಿನ. ಹಸಿ ಮಡಕೆಯಲ್ಲಿರುವ ನೀರು ಎರಡು ಬಗೆಯದು: ಮಣ್ಣಿನ ಕಣಗಳ ನಡುವೆ ನಿಂತಿರುವುದೊಂದು, ಕಣದೊಳಗೇ ರಾಸಾಯನಿಕವಾಗಿ ಬೆಸೆದುಕೊಂಡಿರುವುದು ಇನ್ನೊಂದು. ಮೊದಲನೆಯದನ್ನು ಬಿಸಿಲು ಹೀರಬಲ್ಲದು. ಎರಡನೆಯದನ್ನು ಹೊರದೂಡುವುದಕ್ಕೆ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಒಣಗಿದ ಮಡಕೆಯನ್ನು ನೀರಿನಲ್ಲಿಟ್ಟರೆ ಮತ್ತೆ ಕೆಸರಾಗುವುದು. ಬೆಂದ ಮಡಕೆಯನ್ನು ಸಾವಿರ ವರ್ಷ ನೀರಿನಲ್ಲಿಟ್ಟರೂ ಅದು ಮರಳಿ ಜೇಡಿಯಾಗದು. ಬಿಸಿಲು ಹೀರದೆ ಬಿಟ್ಟ ತೇವವಿದ್ದರೆ ಅದು ಬೆಂಕಿಯಲ್ಲಿ ಹಬೆಯಾಗಿ ಉಬ್ಬಿ ಮಡಕೆಯನ್ನು ಸಿಡಿಸುವುದು. ಆದುದರಿಂದ ಬೆಂಕಿಯನ್ನು ಮೊದಲು ಹೊಗೆಯಷ್ಟಕ್ಕೇ ಇರಿಸಿ, ಗಂಟೆಗಂಟೆಗೂ ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬೇಕು. ರಾತ್ರಿಯೆಲ್ಲ ಎಚ್ಚರವಿರಬೇಕು. ಒಬ್ಬಂಟಿಯಿಂದ ಆಗುವ ಕೆಲಸವೇ ಇದು? ಸೋದರಮಾವನ ಕಡೆಯವರು, ಬೀಗರು, ನೆರೆಕರೆಯವರು ಕೂಡಿಬರುತ್ತಿದ್ದರು. ಸಣ್ಣ ಸಂಸಾರದವರು ಎರಡು ಮೂರು ಮನೆಯ ಮಡಕೆಗಳನ್ನು ಒಂದೇ ಆವೆಯಲ್ಲಿ ಹೂಡಿ ಸುಡುವುದೂ ಉಂಟು. ಸೌದೆ, ತೆಂಗಿನ ಸಿಪ್ಪೆ, ತರಗೆಲೆಗಳನ್ನು ಒದಗಿಸುವವರು ಬೇರೆ ಮನೆಯವರು. ಮೇಲೆ ಹುಲ್ಲು ಹೊದಿಸಿ ಕೆಸರು ಮೆತ್ತಿದ ಆ ಗುಡ್ಡೆಯ ಸುತ್ತ ಕುಳಿತು ಹಿರಿಯರು ಮಾತನಾಡುತ್ತಿದ್ದಾಗ ಅಲ್ಲಿಯೇ ಮದುವೆಯ ಮಾತುಕತೆಗಳು ಮುಗಿದುವು, ಹಳೆಯ ಮನಸ್ತಾಪಗಳು ತೀರಿದುವು. ಬೆಂಕಿಗೆ ಗಾಳಿ ಯಥೇಷ್ಟವಾಗಿ ಸಿಕ್ಕರೆ ಮಣ್ಣಿನ ಕಬ್ಬಿಣದ ಅಂಶವು ಕೆಂಪಾಗುವುದು. ಗಾಳಿಯನ್ನು ತಡೆದು ಹೊಗೆಯಲ್ಲಿ ಮುಳುಗಿಸಿದರೆ ಮಡಕೆ ಕಪ್ಪಾಗುವುದು. ಆವೆಯನ್ನು ಬಿಚ್ಚಿದಾಗ ಒಡೆದವು ಎಷ್ಟು, ಉಳಿದವು ಎಷ್ಟೆಂಬುದು ಯಾರ ಕೈಯಲ್ಲೂ ಇಲ್ಲ. ಒಬ್ಬನ ಪಾಲಿನವೇ ಹೆಚ್ಚು ಒಡೆದಿದ್ದರೆ ಮಿಕ್ಕವರು ತಮ್ಮ ಪಾಲಿನಿಂದ ನಾಲ್ಕನ್ನು ಅವನ ಕಡೆಗೆ ಸರಿಸುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಅಜ್ಜಿಯ ನೆನಪು ಬಂದಮೇಲೆ ಮಡಕೆ ಮಾರಲು ಬರುತ್ತಿದ್ದ ಅವಳ ಗೆಳತಿಯ ವಿಷಯವನ್ನು ಹೇಳದೆ ಮುಂದುವರಿಯಲಾರೆ. ಸುಗ್ಗಿಯ ಕೊಯ್ಲು ಮುಗಿದು ಮನೆಯ ಅಂಗಳದಲ್ಲಿ ಹುಲ್ಲಿನಿಂದ ಬಿಗಿದ ಅಕ್ಕಿಯ ಮುಡಿಗಳು ಕಟ್ಟಿನಿಂತ ದಿನಗಳಲ್ಲಿ, ತಲೆಯ ಮೇಲೆ ದೊಡ್ಡ ಬುಟ್ಟಿಯನ್ನು ಹೊತ್ತು, ಗದ್ದೆಯ ಕಿರಿದಾದ ಹುಣಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಅವಳು ಬರುತ್ತಿದ್ದಳು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ಧಾನ್ಯವನ್ನು ಅಳೆಯುತ್ತಿದ್ದ ಕಾಲವದು. ಬುಟ್ಟಿಯಲ್ಲಿ ಅನ್ನಕ್ಕೂ ಗಂಜಿಗೂ ಬೇಕಾದ, ತುಳುವಿನಲ್ಲಿ ‘ಕರ’ ಎನ್ನುವ ಮಡಕೆಗಳು, ಮೀನಿನ ಪದಾರ್ಥ ಮಾಡುವವರ ಮನೆಗೆಂದು ಅಗಲ ಬಾಯಿಯ ‘ಬಿಸಲೆ’ಗಳು, ಹವ್ಯಕರ ಮನೆಯ ಓಡುಪಾಳೆಯೆಂಬ ತಿಂಡಿಗೆ ಬೇಕಾದ ‘ಓಡು’ಗಳು. ಬಚ್ಚಲಿನ ಒಲೆಯ ಮೇಲೆ ಕೂಡಿಸುವ ದೊಡ್ಡ ‘ಮಂಡೆ’ಯನ್ನು ಮಾತ್ರ ಮುಂಚಿತವಾಗಿ ಹೇಳಿ ಮಾಡಿಸಬೇಕು.

“ಅಮ್ಮಾ, ಈ ಸಲದ ಆವೆ ಚೆನ್ನಾಗಿ ಬೆಂದಿದೆ. ಬಡಿದು ನೋಡಿ ಬೇಕಾದರೆ” ಎಂದು ಅವಳು ಒಂದು ಮಡಕೆಯನ್ನು ಮುಂದೆ ಹಿಡಿಯುವಳು. ಅಜ್ಜಿ ಬೆರಳಿನ ಗಂಟಿನಿಂದ ತಟ್ಟಿ ಕಿವಿಗೊಡುವಳು. ಗಂಟೆಯಂತೆ ಠಣ್ಣನೆ ಮೊಳಗಿದರೆ ಗಟ್ಟಿ. ಬೊದ್ದೆಂದರೆ ಎಲ್ಲಿಯೋ ಕಣ್ಣಿಗೆ ಕಾಣದ ಬಿರುಕು. ಆಮೇಲೆ ಬೆಲೆ. ಕೆಲವು ಮಡಕೆಗಳಿಗೆ ಅವು ಹಿಡಿಯುವಷ್ಟು ಭತ್ತವೇ ಬೆಲೆ. ಆದುದರಿಂದ ಚೌಕಾಶಿಗೆ ಆಸ್ಪದವೇ ಇರಲಿಲ್ಲ. ಆ ಬಳಿಕ ಇಬ್ಬರೂ ಎಲೆಯಡಿಕೆಯ ತಟ್ಟೆಯನ್ನು ನಡುವಿಟ್ಟುಕೊಂಡು, ಮಗಳ ಹೆರಿಗೆ, ಸೊಸೆಯ ಮುನಿಸು, ಹಸುವಿನ ಕಾಯಿಲೆ, ಊರಿನ ದೈವದ ನೇಮದ ದಿನ ಎಂದು ಬಿಸಿಲಿಳಿಯುವವರೆಗೆ ಮಾತನಾಡುವರು. ಇವಳ ಮನೆಯಲ್ಲಿ ಹೆರಿಗೆಯಾದರೆ ಅಲ್ಲಿಂದ ನಾಟಿಮದ್ದು ಬರುವುದು. ಅವಳ ಮನೆಯಲ್ಲಿ ಮದುವೆಯಾದರೆ ಇಲ್ಲಿಂದ ಬಾಳೆಗೊನೆ, ತೆಂಗಿನಕಾಯಿಗಳು ಹೋಗುವುವು.

ಆದರೆ ಆ ನಲವತ್ತು ವರ್ಷಗಳ ಗೆಳೆತನವೆಲ್ಲವೂ ಜಗಲಿಯ ಅಂಚಿನಲ್ಲಿಯೇ ನಡೆಯಿತು. ಅವಳ ಕೈಯಿಂದ ಬಂದ ಹೊಸ ಮಡಕೆಯು ನೇರವಾಗಿ ನಮ್ಮ ಅಡಿಗೆಯ ಮನೆಯೊಳಕ್ಕೆ, ದೇವರ ನೈವೇದ್ಯ ಬೇಯುವ ಒಲೆಯ ಮೇಲಕ್ಕೆ ಹೋಯಿತು. ಅದನ್ನು ತಟ್ಟಿ ತೀಡಿ ಮಾಡಿದ ಕೈ ಹೊರಗೆ ಉಳಿಯಿತು. ಅಂದು ಅದು ನನಗೆ ಸಹಜವೆಂದು ಕಂಡಿತೆಂಬುದೇ ಇಂದು ನನ್ನನ್ನು ನೋಯಿಸುತ್ತದೆ. ಅವಳಾಗಲಿ ಅಜ್ಜಿಯಾಗಲಿ ಆ ಗೆರೆಯ ಕುರಿತು ಒಂದು ಮಾತನ್ನೂ ಆಡಿದ್ದು ನಾನು ಕೇಳಲಿಲ್ಲ. ಕೊನೆಯ ದಿನಗಳಲ್ಲಿ ಅಜ್ಜಿ ಹಾಸಿಗೆ ಹಿಡಿದು ಮಲಗಿದ್ದಾಗ ಅವಳು ಬಂದು ಜಗಲಿಯಲ್ಲಿ ನಿಂತಳು. ಅಜ್ಜಿ ಒಳಗಿನಿಂದಲೇ ಧ್ವನಿಯನ್ನು ಗುರುತಿಸಿ, “ಅಲ್ಲೇ ಯಾಕೆ ನಿಂತೆ? ಒಳಗೆ ಬಾ” ಎಂದಳು. ಅವಳು ಬಂದು ಹಾಸಿಗೆಯ ಬದಿಯಲ್ಲಿ ಕುಳಿತಳು. ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ.

ಮಡಕೆಯ ಬೇಡಿಕೆಗೂ ಈ ಮಡಿಮೈಲಿಗೆಯ ಭಾವನೆಗೂ ಗಾಢವಾದ ನಂಟಿದೆ. ಲೋಹದ ಪಾತ್ರೆಯನ್ನು ಹುಳಿ ಹಚ್ಚಿ ಬೆಳಗಿದರೆ ಶುದ್ಧವಾಯಿತೆಂದು ಎಣಿಕೆ. ಮಣ್ಣಿನ ಪಾತ್ರೆಯಾದರೋ ಬೆಂದ ಅನ್ನದ ಅಂಶವನ್ನು ತನ್ನ ರಂಧ್ರಗಳೊಳಗೆ ಹೀರಿಕೊಳ್ಳುವುದರಿಂದ ಅದನ್ನು ಶುದ್ಧಿಗೊಳಿಸುವುದು ಅಶಕ್ಯವೆಂದು ಹಿಂದಿನವರು ತಿಳಿದರು. ಆದುದರಿಂದ ಸೂತಕ ಕಳೆದ ಮೇಲೆ ಹಳೆಯ ಮಡಕೆಗಳು ಹೊರಬಿದ್ದು ಹೊಸವು ಬರುತ್ತಿದ್ದುವು. ಹೀಗೆ ಒಂದು ಮನೆಯ ಸಾವು ಹುಟ್ಟುಗಳೆಲ್ಲ ಕುಂಬಾರನ ಮನೆಗೆ ತಿಳಿಯಲೇಬೇಕಾದ ಸುದ್ದಿಗಳಾದುವು. ಚಿತೆಯ ಸುತ್ತ ನೀರಿನ ಮಡಕೆಯನ್ನು ಹೊತ್ತು ಸುತ್ತಿ ಒಡೆಯುವುದು ಅವನಿಲ್ಲದೆ ನಡೆಯದು. ಘಟ್ಟದ ಮೇಲಿನ ಎಷ್ಟೋ ಊರುಗಳಲ್ಲಿ ಮದುವೆಗೆ ಮುನ್ನ ಕುಂಬಾರರ ಮನೆಗೆ ವಾದ್ಯದೊಡನೆ ಹೋಗಿ ಐರಣಿಯ ಗಡಿಗೆಗಳನ್ನು ತರುವ ಸಂಪ್ರದಾಯವಿದೆ. ನಮ್ಮಲ್ಲಿ ನರಕಚತುರ್ದಶಿಯ ಮುನ್ನಾದಿನ ಬಚ್ಚಲಿನ ಮಂಡೆಯನ್ನು ತೊಳೆದು, ಅಲಂಕರಿಸಿ, ನೀರು ತುಂಬುವುದು ಹಬ್ಬದ ಆರಂಭ. ಬೆಳ್ತಂಗಡಿ ತಾಲೂಕಿನಲ್ಲಿ ಉಜಿರೆಗೆ ಸಮೀಪವಿರುವ ಸುರ್ಯದ ಸದಾಶಿವರುದ್ರ ದೇವಸ್ಥಾನಕ್ಕೆ ಹೋದವರು ಅಲ್ಲಿನ ಹರಕೆಬನವನ್ನು ನೋಡಿಯೇ ಇರುತ್ತಾರೆ. ಮಕ್ಕಳಿಲ್ಲದವರು ಮಣ್ಣಿನ ಮಗುವನ್ನೂ, ಮನೆಯಿಲ್ಲದವರು ಮಣ್ಣಿನ ಮನೆಯನ್ನೂ, ಕಾಲುನೋವಿನವರು ಮಣ್ಣಿನ ಕಾಲನ್ನೂ ಒಪ್ಪಿಸಿ ಹೋಗುವ ಆ ಬನದಲ್ಲಿ ಮನುಷ್ಯರ ಆಸೆಗಳೆಲ್ಲವೂ ಸುಟ್ಟ ಮಣ್ಣಿನ ರಾಶಿಯಾಗಿ, ಪಾಚಿ ಹಿಡಿದು, ಮರಗಳ ಬುಡದಲ್ಲಿ ಬಿದ್ದಿವೆ.

ಈ ಬಾಳಿನ ಕಟ್ಟು ಸಡಿಲಿದುದು ಒಂದೇ ದಿನದಲ್ಲಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಆಮೇಲೆ ಹುಟ್ಟಿಕೊಂಡ ಅನೇಕ ಕಾರ್ಖಾನೆಗಳ ಕೆಂಪು ಹಂಚು ದೇಶದೇಶಾಂತರಗಳಿಗೆ ಹೋಯಿತು, ಕೈಯಿಂದ ಮಾಡಿದ ನಾಡಹಂಚು ಮರೆಯಾಯಿತು. ಆ ಬಳಿಕ ಅಲ್ಯೂಮಿನಿಯಂ, ಅದರ ಹಿಂದೆಯೇ ಸ್ಟೀಲು, ಪ್ಲಾಸ್ಟಿಕ್ಕು ಬಂದುವು. ಕುಂಬಾರಿಕೆಯ ಅವನತಿಗೆ ಸಾಮಾನ್ಯವಾಗಿ ಹೇಳುವ ಕಾರಣವಿದು. ಇದು ಸತ್ಯವೂ ಹೌದು. ಆದರೆ ನನ್ನ ಸೀಮೆಯಲ್ಲಿ ಇದಕ್ಕಿಂತ ಆಳವಾದ ಕಾರಣವೊಂದು ಬಯಲಿನಲ್ಲಿಯೇ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯು ಗೇಣಿದಾರರನ್ನು ಒಡೆಯರನ್ನಾಗಿಸಿತು. ಕುಂಬಾರರಲ್ಲಿಯೂ ಎಷ್ಟೋ ಮಂದಿ ಅದರಿಂದ ತುಂಡು ನೆಲವನ್ನು ಪಡೆದು ತಲೆಯೆತ್ತಿ ನಿಂತರು. ಅದು ನ್ಯಾಯವಾಗಿಯೇ ಆಯಿತು. ಅದರ ಜೊತೆಜೊತೆಗೇ ಭತ್ತದ ಬೇಸಾಯವು ನಷ್ಟದ ಬಾಬಾಗಿ, ಬಯಲುಗಳು ಒಂದೊಂದಾಗಿ ಅಡಕೆಯ ತೋಟಗಳಾದುವು. ಗದ್ದೆಯಾದರೆ ಕೊಯ್ಲಿನ ನಂತರ ಕೆಲವು ತಿಂಗಳು ಬರಿದಾಗಿರುವುದು, ಅಗೆಯಲು ಎಡೆಯಿರುವುದು. ತೋಟವು ಎಂದಿಗೂ ಬರಿದಾಗದು. ಬೇರುಗಳ ನಡುವೆ ಹಾರೆ ಹಾಕೆಂದು ಯಾವ ತೋಟಿಗನು ತಾನೇ ಹೇಳಿಯಾನು? ಮಣ್ಣು ಕೇಳುವ ಮಾತೂ ಕೊಡುವ ಮಾತೂ ಹೀಗೆ ಒಟ್ಟಿಗೇ ನಿಂತುಹೋದುವು. ಒಬ್ಬರು ಇನ್ನೊಬ್ಬರ ಗದ್ದೆಯ ಅಂಚಿಗೆ ಬರುವುದಕ್ಕೆ ನಿಮಿತ್ತವೇ ಉಳಿಯಲಿಲ್ಲ.

ಹಾಗೆಂದು ಎಲ್ಲವೂ ಮುಗಿಯಿತೆಂದು ಬರೆಯುವುದು ಸರಿಯಲ್ಲ. ಮೊಳಹಳ್ಳಿ ಶಿವರಾಯರಂಥವರು ಸಹಕಾರದ ಬೀಜವನ್ನು ಬಿತ್ತಿದ ನೆಲ ಪುತ್ತೂರು. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದುದು ಅಲ್ಲಿಯೇ. ಅದೇ ಪರಂಪರೆಯಲ್ಲಿ, ಸ್ವಾತಂತ್ರ್ಯಾನಂತರದ ದಿನಗಳಲ್ಲಿ, ಕುಂಬಾರರ ಗುಡಿ ಕೈಗಾರಿಕಾ ಸಹಕಾರ ಸಂಘವೂ ಪುತ್ತೂರಿನಲ್ಲಿ ತಲೆಯೆತ್ತಿತು. ಒಂದೊಂದು ಮನೆಯ ಆವೆಯ ಸುತ್ತ ಸೇರುತ್ತಿದ್ದ ಬಳಗವು ಸಂಘದ ರೂಪವನ್ನು ತಳೆದುದು ನನಗೆ ಅತ್ಯಂತ ಸಹಜವಾಗಿ ಕಾಣುತ್ತದೆ. ಕೂಡಿ ಸುಡುವುದನ್ನು ಬಲ್ಲವರಿಗೆ ಕೂಡಿ ಮಾರುವುದು ಹೊಸ ವಿದ್ಯೆಯೇನಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಿಂದ ವಿದ್ಯುತ್ತಿನ ತಿಗರಿಗಳನ್ನು ದೇಶದ ಕುಂಬಾರರಿಗೆ ಹಂಚುತ್ತ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತಿಗರಿ ತಿರುಗಿಸುವ ತೋಳಿಗೆ ಇದರಿಂದ ವಿಶ್ರಾಂತಿ ದೊರೆತದ್ದು ದೊಡ್ಡ ಉಪಕಾರ. ಮಣ್ಣಿನ ಸಮಸ್ಯೆಯನ್ನು ಮಾತ್ರ ವಿದ್ಯುತ್ತು ಪರಿಹರಿಸಲಾರದು. ಕೆರೆಗಳ ಹೂಳೆತ್ತುವಾಗ ಸಿಗುವ ಜೇಡಿಯನ್ನು ಕುಂಬಾರರಿಗೆಂದು ಕಾದಿರಿಸುವ ಏರ್ಪಾಡನ್ನು ಪಂಚಾಯತುಗಳು ಮನಸ್ಸಿಟ್ಟು ಮಾಡಬಹುದು. ಉಳಿದಿರುವ ಗದ್ದೆಗಳ ಒಡೆಯರು ಹಳೆಯ ಮರ್ಯಾದೆಯನ್ನು ನೆನೆಯಬಹುದು.

ಈಚೆಗೆ ಪೇಟೆಯವರಲ್ಲಿ ಮಣ್ಣಿನ ಪಾತ್ರೆಯ ಮೇಲೆ ಮತ್ತೆ ಪ್ರೀತಿ ಮೂಡಿದೆ. ಮೀನಿನ ಪದಾರ್ಥವು ಬಿಸಲೆಯಲ್ಲಿ ಕುದಿದಾಗ ಬರುವ ರುಚಿಯನ್ನು ಬಲ್ಲ ಮನೆಗಳಂತೂ ಅದನ್ನು ಎಂದೂ ಬಿಟ್ಟಿರಲಿಲ್ಲ. ಮೊನ್ನೆ ನಮ್ಮ ಮನೆಗೆಂದು ಒಂದು ಮಡಕೆ ಕೊಂಡಾಗ, ಮಾರುತ್ತಿದ್ದ ಹೆಂಗಸು ದುಡ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು, “ತಂದ ದಿನವೇ ಒಲೆಗಿಡಬೇಡಿ, ಅಣ್ಣ” ಎಂದಳು. “ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಮಾರನೆ ದಿನ ಅಕ್ಕಿ ತೊಳೆದ ನೀರು ಹಾಕಿ ಸಣ್ಣ ಬೆಂಕಿಯಲ್ಲಿ ಕುದಿಸಿ ಚೆಲ್ಲಿ. ಹಾಗೆ ಮೂರು ದಿನ ಮಾಡಿ. ಆಮೇಲೆ ಏನು ಬೇಕಾದರೂ ಬೇಯಿಸಿ.” ನಾನು ಮಡಕೆಯನ್ನು ಎತ್ತಿ, ಅಜ್ಜಿಯಂತೆಯೇ ಬೆರಳಿನ ಗಂಟಿನಿಂದ ಒಮ್ಮೆ ತಟ್ಟಿದೆನು. ಅವಳು ನಕ್ಕು, ತಲೆಯನ್ನು ಸ್ವಲ್ಪ ವಾಲಿಸಿ, ತಾನೂ ಕಿವಿಗೊಟ್ಟಳು.